ಕನಕರಾಜ ಕೊರೆದ ಹೆಸರುಗಳು

ರೋಣದ ಪೇಟೆಯಲ್ಲಿ ಭಾಂಡೆ-ಪಾತ್ರೆ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ಬೇವಿನ ಗಿಡವಿದೆ. ಅದರ ಬುಡದಲ್ಲಿ ಕನಕರಾಜ ಕೂಡುತ್ತಾನೆ. ಒಂದು ಗೋಣಿತಟ್ಟು, ಒಂದು ಮರದ ದಿಂಡು, ಬೆರಳುದ್ದದ ಉಳಿಗಳು, ಗುರ್ರೆನ್ನುವ ಒಂದು ಪುಟ್ಟ ಕರೆಂಟಿನ ಯಂತ್ರ, ಗಿಡಕ್ಕೆ ತೂಗುಹಾಕಿದ ಒಂದು ಪಾಟಿ. ಅವನ ಅಂಗಡಿ ಅಂದರೆ ಇಷ್ಟೇ. ಮದುವೆಗೆ ಕೊಡ, ತಂಬಿಗೆ, ಪರಾತ ಏನೇ ಕೊಂಡರೂ ಜನ ಸೀದಾ ಅವನ ಹತ್ತಿರ ಬರುತ್ತಾರೆ. ಕೊಡುವವರು ಯಾರು, ಯಾವ ಊರು, ಯಾರ ಮದುವೆ, ಯಾವ ತಾರೀಖು, ಇಷ್ಟನ್ನು ಪಾಟಿಯ ಮೇಲೆ ಬರೆದು ತೋರಿಸಿದರೆ ಪಾತ್ರೆಯ ಕಂಠದ ಸುತ್ತ ಕೊರೆದು ಕೊಡುತ್ತಾನೆ. ಬಾಯಿಂದ ಹೇಳಿದರೆ ನಡೆಯುವುದಿಲ್ಲ. ಕನಕರಾಜನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ.

ಯಂತ್ರ ಶುರುವಾದರೆ ಅಕ್ಕಪಕ್ಕದ ಅಂಗಡಿಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅವನು ಮಾತ್ರ ಎಡಗೈಯನ್ನು ಕೊಡದ ಹೊಟ್ಟೆಗೆ ಹಚ್ಚಿ, ಕಣ್ಣು ಅರ್ಧ ಮುಚ್ಚಿ, ಅಂಗೈಗೆ ಬರುವ ನಡುಕದಲ್ಲೇ ಅಕ್ಷರ ಹಿಡಿಯುತ್ತಾನೆ. ಸಂಜೆ ಮನೆಗೆ ಹೋಗುವಾಗ ನಾನು ಅಲ್ಲಿ ನಿಲ್ಲುತ್ತೇನೆ. ಹಿತ್ತಾಳೆಯ ಪುಡಿ ಬಿಸಿಲಲ್ಲಿ ಮೇಲೇಳುತ್ತದೆ, ಬೇವಿನೆಲೆಯ ನೆರಳು ಅವನ ಕೈಮೇಲೆ ಆಡುತ್ತದೆ. ಎಷ್ಟು ಹೊತ್ತು ನಿಂತೆನೆಂದು ನನಗೆ ತಿಳಿಯುವುದಿಲ್ಲ. ಮನೆಯಲ್ಲಿ ಚಹಾ ಆರಿರುತ್ತದೆ, ಬೈಗುಳ ಬಿಸಿಯಾಗಿರುತ್ತದೆ.

ನಾನು ಅನಿಲಕುಮಾರ. ಇದೇ ಊರಿನ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷದಿಂದ ಗ್ರಂಥಪಾಲಕ. ಹುಡುಗರು ಬೆನ್ನ ಹಿಂದೆ ನನ್ನನ್ನು 'ಸಾಕ್ಷಿ ಸರ್' ಅನ್ನುತ್ತಾರೆ. ಯಾರು ಏನೇ ಹೇಳಲಿ, ಅದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳುವ ಚಾಳಿ ನನ್ನದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ನಾನು ಹೆಂಡತಿ ಸಾರಿಗೆ ಉಪ್ಪು ಹಾಕಿದೆ ಅಂದರೂ ಸೌಟಿನಲ್ಲಿ ತೆಗೆದು ನೋಡುವವನು. ಇಂಥ ನಾನೇ ಒಂದು ಸಲ ಮುಗ್ಗರಿಸಿದೆ. ಆ ಕಥೆಯನ್ನು ಹೇಳದೆ ಕನಕರಾಜನ ಬಗ್ಗೆ ಬರೆಯಲು ಆಗುವುದಿಲ್ಲ.

ಕನಕರಾಜ ಜಕ್ಕಲಿಯ ಮಲ್ಲೇಶಪ್ಪ, ಸುಶೀಲವ್ವರ ಹಿರಿಯ ಮಗ. ಈಗ ಇಪ್ಪತ್ತಾರು ವರ್ಷ. ಎರಡನೇ ವರ್ಷಕ್ಕೆ ಜ್ವರ ಬಂದು ಕಿವಿ ಹೋದವು ಎನ್ನುವುದು ಮನೆಯವರ ಮಾತು. ಜ್ವರ ಬಂದ ವಾರ ಜೋಳದ ಕೊಯ್ಲು ನಡೆದಿತ್ತು. ಸುಶೀಲವ್ವ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಹೊಲಕ್ಕೆ ಹೋದಳು, ಮೂರನೇ ದಿನ ದವಾಖಾನೆಗೆ ಒಯ್ದಳು. ಲಗೂ ಒಯ್ಯಬೇಕಿತ್ತು ಎಂಬ ಒಂದು ಮಾತನ್ನು ಆ ತಾಯಿ ಇಪ್ಪತ್ನಾಲ್ಕು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದಳು. ಯಾರೂ ಆಕೆಯನ್ನು ಬೈದಿರಲಿಲ್ಲ. ಬೈದಿದ್ದರೆ ಚಲೋ ಇತ್ತು, ಎದುರು ಮಾತಾಡಿ ಹಗುರಾಗುತ್ತಿದ್ದಳು.

ಹುಡುಗ ಕೆಲವು ವರ್ಷ ಕಿವುಡು ಮಕ್ಕಳ ಸಾಲೆಯಲ್ಲಿ ಓದಿ ಬಂದ. ಆಮೇಲೆ ಮೋದಿನಸಾಬರು ಅವನನ್ನು ಹತ್ತಿರ ಕೂಡಿಸಿಕೊಂಡರು. ಪೇಟೆಯಲ್ಲಿ ಐವತ್ತು ವರ್ಷ ಹೆಸರು ಕೊರೆದ ಮುದುಕ ಅವರು. ಲೋಹದ ಮೇಲೆ ತಪ್ಪಿದ ಅಕ್ಷರವನ್ನು ಒರೆಸಲು ಬರುವುದಿಲ್ಲ, ಅದಕ್ಕೇ ಅವರು ಮೊದಲು ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆದು, ಗಿರಾಕಿಗೆ ತೋರಿಸಿ, ಅವರು ಹೌದೆಂದ ಮೇಲೆಯೇ ಉಳಿ ಎತ್ತುತ್ತಿದ್ದರು. ತೀರಿಕೊಳ್ಳುವಾಗ ಉಳಿಗಳ ಜೊತೆಗೆ ಆ ನೋಟ್ ಬುಕ್ಕುಗಳ ಗಂಟನ್ನೂ ಕನಕರಾಜನಿಗೆ ಬಿಟ್ಟರು. ಈ ಸುತ್ತಿನ ಊರುಗಳಲ್ಲಿ ಯಾರ ಮಗಳಿಗೆ ಯಾರು ಏನು ಕೊಟ್ಟರು ಎಂಬುದೆಲ್ಲ ಆ ಗಂಟಿನಲ್ಲಿದೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ನೋಡಿದರೇನು ಬಂತು.

ಅವನ ತಂಗಿ ಲಕ್ಷ್ಮೀ. ನಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಮುಗಿಸಿ ಧಾರವಾಡದಲ್ಲಿ ತಳಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ರಜೆಗೆ ಬಂದರೆ ಮನೆಗಿಂತ ಮೊದಲು ನನ್ನ ಗ್ರಂಥಾಲಯಕ್ಕೆ ಬರುವ ಹುಡುಗಿ. ಹೋದ ವರ್ಷದ ಸುಗ್ಗಿಯ ಒಂದು ಮಧ್ಯಾಹ್ನ ಬಂದಳು. ಕಿಟಕಿಯಾಚೆ ಕಡಲೆ ಒಕ್ಕುವ ಧೂಳು, ಒಳಗೆ ಹಳೆಯ ಫ್ಯಾನಿನ ಜೋಗುಳ, ಓದಲು ಬಂದ ಇಬ್ಬರೂ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ನನಗೂ ಕಣ್ಣು ಎಳೆಯುತ್ತಿತ್ತು. ಆಕೆ ಎದುರು ಕೂತು ಮೆಲ್ಲಗೆ ಹೇಳಿದಳು.

"ಸರ, ನನಗ ಒಂದು ಖರೇ ಮಾತು ಬೇಕಾಗೇತ್ರಿ. ಎಲ್ಲಿ ಸಿಗತೈತಿ ಹೇಳ್ರಿ."

ವಿಷಯ ಇಷ್ಟು. ಸುಶೀಲವ್ವನ ತವರು ಮುಶಿಗೇರಿ. ಆಕೆಯ ಕಿರಿಯ ತಮ್ಮ ಹಾಲೇಶ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಮೇಲುಸ್ತುವಾರಿಗೆ ಇದ್ದಾನೆ. ಜನ ಆ ಯಂತ್ರಗಳಿಗೆ ಫ್ಯಾನು ಅನ್ನುತ್ತಾರೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹಳೆಯ ರೂಢಿ. ಲಕ್ಷ್ಮೀ ತೊಟ್ಟಿಲಲ್ಲಿದ್ದಾಗಲೇ ಆ ಮಾತು ಆಗಿತ್ತು. ಮಾತಿನ ಮುಲಾಜಿಗಲ್ಲ, ಹುಡುಗಿಗೆ ಅವನೆಂದರೆ ಜೀವ. ಜಕ್ಕಲಿಯಿಂದ ಬಸ್ಸಿನಲ್ಲಿ ಬರುವಾಗ ದೂರದ ಗುಡ್ಡದ ಮೇಲೆ ಬಿಳಿ ರೆಕ್ಕೆ ತಿರುಗುವುದು ಕಂಡರೆ ಇಳಿಯುವ ಸ್ಟಾಪು ಮರೆಯುತ್ತಿದ್ದಳು ಅಂದರೆ ನೋಡಿ.

ಆದರೆ ಓದಿದ ತಲೆ ಸುಮ್ಮನಿರಲಿಲ್ಲ. ಅಣ್ಣನ ಕಿವಿ ಜ್ವರದಿಂದಲೇ ಹೋಗಿದ್ದರೆ ಚಿಂತೆಯಿಲ್ಲ. ರಕ್ತದಿಂದ ಬಂದದ್ದಾದರೆ, ಅದೇ ರಕ್ತದ ಸೋದರಮಾವನನ್ನು ಮದುವೆಯಾದರೆ ಹುಟ್ಟುವ ಕೂಸಿಗೂ ಬರಬಹುದು. ಖರೇ ಯಾವುದು ಎಂದು ತಿಳಿಯದೆ ಹೂಂ ಅನ್ನಲು ಆಕೆಗೆ ಧೈರ್ಯವಿರಲಿಲ್ಲ. ತಾಯಿಯನ್ನು ಕೇಳುವ ಹಾಗೂ ಇರಲಿಲ್ಲ, ಆ ಜ್ವರದ ಹೆಸರೆತ್ತಿದರೆ ಸುಶೀಲವ್ವ ಎರಡು ದಿನ ಊಟ ಬಿಡುತ್ತಿದ್ದಳು.

ಮೊಬೈಲಿನಲ್ಲಿ ಆಕೆಗೆ ಬಂದ ಜ್ಞಾನವನ್ನೆಲ್ಲ ತೋರಿಸಿದಳು. ಒಬ್ಬ ಹೇಳುತ್ತಾನೆ, ಸೋದರಮಾವನನ್ನು ಮದುವೆಯಾದರೆ ಮಕ್ಕಳೆಲ್ಲ ಊನವಾಗುತ್ತವೆ ಅಂತ. ಇನ್ನೊಬ್ಬ ವಿಡಿಯೋದಲ್ಲಿ ಬಿಳಿ ಕೋಟು ತೊಟ್ಟು, ರಕ್ತ ಶುದ್ಧವಾಗಿ ಉಳಿಯುತ್ತದೆ, ಇನ್ನೂ ಚಲೋ ಅನ್ನುತ್ತಾನೆ. ಇಬ್ಬರಿಗೂ ಹೆಸರಿಲ್ಲ, ಊರಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕೊಡಕ್ಕೆ ಹೆಸರು ಹಾಕಿಸುವಾಗಲೂ ಜನ ಊರು, ತಾರೀಖು ಬರೆಸುತ್ತಾರೆ, ಇವರು ಜನರ ಬಾಳುವೆಯ ಮಾತಾಡುವಾಗ ಅದನ್ನೂ ಬರೆಯುವುದಿಲ್ಲ. ಯಾರು ಹೇಳಿದ್ದು, ತಾನೇ ನೋಡಿ ಹೇಳಿದನೋ ಕೇಳಿ ಹೇಳಿದನೋ, ಎಷ್ಟು ಜನರನ್ನು ನೋಡಿದ, ಬೇರೆಯವರು ನೋಡಿದರೂ ಹಾಗೇ ಕಂಡಿತೋ. ಇಷ್ಟಕ್ಕೆ ಉತ್ತರ ಕೊಡದ ಮಾತು ಗಾಳಿಸುದ್ದಿ, ಅದನ್ನು ಬಿಟ್ಟು ಕೂಡು ಎಂದೆ.

ಹದಿನೈದು ದಿನ ನಾವಿಬ್ಬರೂ ಕೂತೆವು. ನನ್ನ ಕಪಾಟಿನ ದಪ್ಪ ಪುಸ್ತಕ ಆಕೆ ಹುಟ್ಟುವ ಮೊದಲಿನದು, ಅದರಲ್ಲಿ ಬುನಾದಿ ಗಟ್ಟಿ ಇತ್ತು, ಹೊಸ ಸುದ್ದಿ ಇರಲಿಲ್ಲ. ಹೊಸದಕ್ಕೆ ಧಾರವಾಡದ ಲಾಗಿನ್ನಿನಿಂದ ಸಂಶೋಧನಾ ಪತ್ರಿಕೆಗಳನ್ನು ತೆರೆದೆವು. ಒಂದು ಲೇಖನ ಇನ್ನೊಂದನ್ನು ತೋರಿಸುತ್ತದೆ, ಅದು ಮತ್ತೊಂದನ್ನು. ಹಾಗೆ ಹಿಂದೆ ಹಿಂದೆ ಹೋಗಿ ಕೊನೆಯ ಮನೆಯ ಬಾಗಿಲು ತೆಗೆದರೆ ಒಂದೊಂದು ಸಲ ಒಳಗೆ ಆ ಮಾತೇ ಇರುವುದಿಲ್ಲ. ಇದ್ದಾಗ ಲಕ್ಷ್ಮೀಯ ಮುಖ ಅರಳುತ್ತಿತ್ತು. ತೆರೆಯಲು ಬಾರದ ಒಂದು ಲೇಖನಕ್ಕೆ, ಬರೆದವರಿಗೇ ಇ-ಮೇಲಿನಲ್ಲಿ ಪತ್ರ ಹಾಕೆಂದೆ. ಎರಡನೇ ದಿನಕ್ಕೆ ಕಡಲಾಚೆಯಿಂದ ಯಾರೋ ಹೆಣ್ಣುಮಗಳು ಪೂರ್ತಿ ಲೇಖನ ಕಳಿಸಿ, ನಿನ್ನ ಅಣ್ಣನಿಗೆ ನಮಸ್ಕಾರ ತಿಳಿಸು ಎಂದು ಬರೆದಿದ್ದಳು. ಆ ನಮಸ್ಕಾರವನ್ನು ಲಕ್ಷ್ಮೀ ಅಣ್ಣನಿಗೆ ತಿಳಿಸಲಿಲ್ಲ. ಹೇಗೆ ತಿಳಿಸಬೇಕೆಂದು ಆಕೆಗೆ ಗೊತ್ತಿರಲಿಲ್ಲ.

ಕೊನೆಗೆ ಲೆಕ್ಕ ಸಿಕ್ಕಿತು. ಅಣ್ಣನದು ರಕ್ತದಿಂದ ಬಂದದ್ದೇ ಆಗಿದ್ದರೆ, ಆಕೆಗೂ ಹಾಲೇಶನಿಗೂ ಹುಟ್ಟುವ ಕೂಸು ಕಿವುಡಾಗುವ ಸಂಭವ ಹನ್ನೆರಡರಲ್ಲಿ ಒಂದು. ಆದರೆ 'ಆಗಿದ್ದರೆ' ಎಂಬುದು ಉಳಿದೇ ಉಳಿಯಿತು. ತಂದೆತಾಯಿ ಇಬ್ಬರೂ ಎಲ್ಲೋ ಹಿಂದೆ ಒಂದೇ ಅಜ್ಜಿಯ ಕುಡಿಗಳಾಗಿದ್ದರೆ ಜ್ವರದ ಮಾತು ಸುಳ್ಳಾಗುವ ಸಂಭವ ಹೆಚ್ಚು. ಗಂಡಸರ ಸಾಲನ್ನು ವಂಶಾವಳಿ ಹೇಳುವ ಹೆಳವರು ಬಂದು ಓದಿ ಹೋಗುತ್ತಾರೆ. ಹೆಂಗಸರ ಸಾಲನ್ನು ಯಾರು ಬರೆದಿದ್ದಾರೆ ಎಂದು ಲಕ್ಷ್ಮೀ ಕೇಳಿದಳು. ಆಗ ನಾನು ದೊಡ್ಡ ಶಾಣ್ಯಾನ ಹಾಗೆ ಹೇಳಿದೆ, ನಿಮ್ಮ ಅಡಿಗೆಮನೆಯ ಪಾತ್ರೆಗಳನ್ನು ಓದು ಎಂದು.

ಹುಡುಗಿ ಜಕ್ಕಲಿಯ ಮನೆಯ ಅಟ್ಟ ಹತ್ತಿದಳು, ಮುಶಿಗೇರಿಯ ಮನೆಯ ಅಟ್ಟವನ್ನೂ ಹತ್ತಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಾಗೆಲ್ಲ ಕರಿಹಿಡಿದ ಹಿತ್ತಾಳೆಯೊಳಗಿಂದ ಹೆಸರುಗಳು ಮೇಲೆ ಬಂದವು. ಯಲ್ಲವ್ವ, ಸಕ್ರವ್ವ, ದ್ಯಾಮವ್ವ. ಯಾವ ಕಾಗದದಲ್ಲೂ ಇಲ್ಲದ ಹೆಂಗಸರು. ಅವರೆಲ್ಲ ನಸುಕಿನಲ್ಲಿ ಕೊಡ ಹೊತ್ತು ಕೆರೆಯ ದಂಡೆಯ ಮೇಲೆ ಸಾಲಾಗಿ ಬರುತ್ತಾರೆ, ಮುಖ ಮಾತ್ರ ಕಾಣುವುದಿಲ್ಲ, ಹಂಗ ಕನಸು ಬೀಳತಾವ್ರಿ ಸರ ಅಂದಳು. ದೊಡ್ಡ ಹಾಳೆಯ ಮೇಲೆ ವಂಶದ ನಕ್ಷೆ ಬರೆದಳು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಕಿವಿ ಕೇಳದವರದಕ್ಕೆ ಕರಿ ತುಂಬಬೇಕು. ಶಾಸ್ತ್ರದ ಕ್ರಮ ಹಾಗಿದೆ. ಅಷ್ಟು ದೊಡ್ಡ ಹಾಳೆಯಲ್ಲಿ ಕರಿ ಚೌಕ ಒಂದೇ.

ಒಂದು ದಿನ ಓಡಿಬಂದಳು, ಮುಖ ಬಿಳಚಿತ್ತು. ಮುಶಿಗೇರಿಯ ಮನೆಯ ತಂಬಿಗೆಯ ಮೇಲೆ 'ಸವಡಿ ಯಲ್ಲವ್ವ' ಎಂದಿದೆ. ಜಕ್ಕಲಿಯ ಮನೆಯ ಅಟ್ಟದ ಕೊಡದ ಮೇಲೂ ಅದೇ 'ಸವಡಿ ಯಲ್ಲವ್ವ'. ಅಂದರೆ ತಾಯಿಯ ಕಡೆಗೂ ತಂದೆಯ ಕಡೆಗೂ ಒಬ್ಬಳೇ ಅಜ್ಜಿ. ಜ್ವರ ಸುಳ್ಳು, ರಕ್ತ ಖರೇ. ನಾನು ತಲೆಯಾಡಿಸಿದೆ. ಇಡೀ ಲೋಕಕ್ಕೆ ಎರಡನೇ ಸಾಕ್ಷಿ ಕೇಳುವವನು, ಪಾತ್ರೆಯ ಉಪಾಯ ನನ್ನದೇ ಎಂಬ ಹಮ್ಮಿನಲ್ಲಿ ಅವತ್ತು ಕೇಳಲಿಲ್ಲ. ಈಗಲೂ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಲಕ್ಷ್ಮೀ ಹಾಲೇಶನಿಗೆ ಬೇಡವೆಂದಳು. ಯಾಕೆಂದು ಅವನು ಕೇಳಲಿಲ್ಲ, ತಿಂಗಳುಗಟ್ಟಲೆ ಗುಡ್ಡದಿಂದ ಇಳಿಯಲಿಲ್ಲ. ಈಕೆ ಕಿಟಕಿಯ ಹತ್ತಿರ ಕೂತು ಅದೇ ಗುಡ್ಡವನ್ನು ನೋಡುತ್ತಿದ್ದಳು. ಸುಶೀಲವ್ವ ಏನೂ ತಿಳಿಯದೆ ದೇವರಿಗೆ ಹರಕೆ ಹೊತ್ತಳು.

ನಕ್ಷೆ ನನ್ನ ಹತ್ತಿರವೇ ಇತ್ತು, ಲಕ್ಷ್ಮೀ ತಂದು ತೋರಿಸಿದ್ದ ಜಕ್ಕಲಿಯ ಕೊಡವೂ ಇತ್ತು. ಕೊಡದ ಮೇಲಿನ ತಾರೀಖು ಸವೆದು ಓದಲು ಬರುತ್ತಿರಲಿಲ್ಲ. ಒಂದು ಸಂಜೆ ಸುಮ್ಮನೆ ಕನಕರಾಜನಿಗೆ ತೋರಿಸಿದೆ. ಅವನು ಹೆಬ್ಬೆರಳನ್ನು ಅಕ್ಷರಗಳ ಮೇಲೆ ಆಡಿಸಿ ನಕ್ಕ. ಗಂಟು ಬಿಚ್ಚಿ, ಮೋದಿನಸಾಬರ ತೀರ ಹಳೆಯ ನೋಟ್ ಬುಕ್ಕು ತೆಗೆದು, ಒಂದು ಪುಟಕ್ಕೆ ಬೆರಳಿಟ್ಟ. ಸವಡಿ ಯಲ್ಲವ್ವ, ಮಗಳು ಸಕ್ರವ್ವನ ಮದುವೆಗೆ, ಮುಶಿಗೇರಿಗೆ, ಒಂದು ಕೊಡ ಒಂದು ತಂಬಿಗೆ, ಒಂದೇ ತಾರೀಖು. ಸಕ್ರವ್ವ ಅಂದರೆ ಸುಶೀಲವ್ವನ ತೀರಿಹೋದ ತಾಯಿ, ಕನಕರಾಜನಿಗೆ ಆಯಿ. ಆಮೇಲೆ ಪಾಟಿ ಇಳಿಸಿ ಬರೆದ: "ಇದು ಆಯಿ ಕೊಡ. ಅವ್ವ ಮದವಿ ಆಗಿ ಬರುವಾಗ ತಂದಾಳ. ಅಪ್ಪನ ಕಡೆದಲ್ಲ. ನಾ ಅಕ್ಷರ ಕಲ್ತದ್ದ ಇದರ ಮ್ಯಾಲ."

ಅಷ್ಟೇ. ಮಗಳ ಜೊತೆಗೆ ಕೊಡ ಊರು ದಾಟಿತ್ತು. ಅದನ್ನು ನಾವು ತಂದೆಯ ಮನೆಯ ಬೇರು ಎಂದು ಓದಿದ್ದೆವು. ಕನಕರಾಜನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮಂಥವರನ್ನು ನೋಡಿಯೇ.

ನಾನು ಸಂತೋಷದಲ್ಲಿ ಮೈಮರೆತು ನಕ್ಷೆಯ ಹಾಳೆಯನ್ನೂ ಅವನ ಮುಂದೆ ಬಿಚ್ಚಿದೆ. ಅವನು ಒಂದೊಂದೇ ಹೆಸರು ಓದುತ್ತ ಬಂದು ತನ್ನ ಹೆಸರಿನ ಹತ್ತಿರ ನಿಂತ. ಪಾಟಿ ಒರೆಸಿ ಬರೆದ: "ಎಲ್ಲಾರ ಮನಿ ಬಿಳಿ ಐತಿ. ನಂದ್ಯಾಕ ಕರಿ?"

ಶಾಸ್ತ್ರದ ಗುರುತು ಎಂದು ಬರೆಯಲು ಬಳಪ ಹಿಡಿದೆ. ನನಗೆ ನಾಚಿಕೆಯಾಗಿ ಕೆಳಗಿಟ್ಟೆ.

ಮರುದಿನ ಲಕ್ಷ್ಮೀ ಬಂದು ನೋಟ್ ಬುಕ್ಕನ್ನು ಕಣ್ಣಿಗೆ ಒತ್ತಿಕೊಂಡಳು. ಆದರೆ ಆಕೆ ಕಲಿತ ಹುಡುಗಿ, ಕೊಡದ ಸಾಕ್ಷಿ ಬಿದ್ದ ಮಾತ್ರಕ್ಕೆ ರಕ್ತದ ಅನುಮಾನ ಬೀಳುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಸಂಬಂಧವೇ ಇಲ್ಲದ ಇಬ್ಬರಲ್ಲೂ ಅದು ಇರಬಹುದು. ರಕ್ತವನ್ನೇ ಪರೀಕ್ಷೆ ಮಾಡಿಸಬೇಕು, ಮೊದಲು ಅಣ್ಣನದು. ಎಲ್ಲವನ್ನೂ ಪಾಟಿಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ಅವನಿಗೆ ತಿಳಿಸಿದಳು. ಕನಕರಾಜ ಕೊನೆಯವರೆಗೆ ಓದಿದ. ಆಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ.

"ರಕ್ತ ಕೊಡತೀನಿ. ಮೊದಲ ಇದಕ್ಕ ಉತ್ತರ ಹೇಳು. ನನ್ನಂಥಾ ಕೂಸು ಬಂದ್ರ ನಿನಗ ಏನು ಕಡಿಮಿ ಆಗತೈತಿ?"

ಲಕ್ಷ್ಮೀ ಬಳಪವನ್ನು ಗೋಣಿತಟ್ಟಿನ ಮೇಲಿಟ್ಟಳು. ಎದ್ದು ಹೋದಳು. ಅವನು ಯಂತ್ರ ಹಚ್ಚಿ ಯಾರದೋ ಪರಾತದ ಮೇಲೆ ಯಾರದೋ ಹೆಸರು ಕೊರೆಯಲು ಶುರುಮಾಡಿದ. ಅವತ್ತು ನಾನು ಅಲ್ಲಿ ನಿಲ್ಲಲಿಲ್ಲ.

ಆಕೆ ಹೋದದ್ದು ಗಜೇಂದ್ರಗಡದ ಗುಡ್ಡಕ್ಕೆ. ಹಾಲೇಶನಿಗೆ ಎಲ್ಲ ಹೇಳಿ, ಇದಕ್ಕ ನಾ ಏನಂತ ಉತ್ತರ ಕೊಡಲಿ ಮಾಮಾ ಎಂದು ಅತ್ತಳಂತೆ. ಅವನು ಉತ್ತರ ಹೇಳಿಕೊಡಲಿಲ್ಲ. ಕನಕನ ಮಾತುಗಳನ್ನು ಹೇಳಿದ. ಹಾಲೇಶ ಅವನಿಗಿಂತ ಒಂದೇ ವರ್ಷ ದೊಡ್ಡವನು, ರಜೆಯಲ್ಲಿ ಕೂಡಿ ಬೆಳೆದವರು, ಕೈಮಾತನ್ನು ಪೂರ್ತಿ ಕಲಿತವನು ಆ ಮನೆತನದಲ್ಲಿ ಅವನೊಬ್ಬನೇ. ಕನಕರಾಜ ಗಿರಾಕಿಗಳ ನಡಿಗೆ ನೋಡಿಯೇ ಬೀಗರು ಎಂಥವರೆಂದು ಹೇಳುತ್ತಾನೆ. ನರಗುಂದದ ಒಬ್ಬ ಕಿವಿ ಕೇಳದ ಹುಡುಗಿಯ ಮೇಲೆ ಅವನಿಗೆ ಮನಸ್ಸಿದೆ. ನಾನು ಕನ್ನಡಕ ಏರಿಸಿ ಸಾಕ್ಷಿ ಕೇಳುವುದನ್ನು ಮಾಡಿ ತೋರಿಸಿ ಹೊಟ್ಟೆ ಹುಣ್ಣಾಗಿಸುತ್ತಾನೆ. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ತಂಗಿಗೆ ಇದೊಂದೂ ಗೊತ್ತಿರಲಿಲ್ಲ. ಉಣ್ಣು, ನೀರು, ಬಾ, ಹೋಗು, ನಾಲ್ಕೇ ಸನ್ನೆಯಲ್ಲಿ ಮನೆಯವರು ಅವನನ್ನು ಸಾಕಿದ್ದರು.

ಎರಡು ತಿಂಗಳು ಆಕೆ ಬಿಡುವಾದಾಗಲೆಲ್ಲ ಆ ಗುಡ್ಡಕ್ಕೆ ಹೋದಳು. ದೊಡ್ಡ ರೆಕ್ಕೆಗಳ ನೆರಳು ಹುಲ್ಲಿನ ಮೇಲೆ ಒಂದಾದಮೇಲೊಂದು ಹಾದುಹೋಗುತ್ತಿರುವಾಗ, ಕೆಳಗೆ ಇಬ್ಬರು ಒಂದೂ ಮಾತಿಲ್ಲದೆ ಕೈಯಾಡಿಸುತ್ತ ಕೂತಿರುವುದನ್ನು ನಾನೂ ಒಮ್ಮೆ ನೋಡಿ ಬಂದೆ. ಆ ಗಾಳಿಯಲ್ಲಿ ಬಾಯಿಮಾತು ಹೇಗೂ ಕೇಳಿಸುವುದಿಲ್ಲ.

ಆಮೇಲೆ ಒಂದು ಸಂಜೆ ಇಬ್ಬರೂ ಬೇವಿನ ಗಿಡದ ಕೆಳಗೆ ಬಂದರು. ಲಕ್ಷ್ಮೀ ಪಾಟಿ ಮುಟ್ಟಲಿಲ್ಲ. ಅಣ್ಣನ ಎದುರು ಕೂತು, ತಪ್ಪುತ್ತ, ತಿದ್ದಿಕೊಳ್ಳುತ್ತ, ಕೈಯಲ್ಲೇ ಹೇಳಿದಳು. ಕನಕರಾಜನ ಕಣ್ಣು ಆಕೆಯ ಬೆರಳುಗಳನ್ನು ಬಿಟ್ಟು ಅಲುಗಲಿಲ್ಲ. ಹಾಲೇಶ ನನಗಾಗಿ ಅದನ್ನು ಬಾಯಿಂದ ಹೇಳಿದ.

"ಏನೂ ಕಡಿಮಿ ಆಗೂದಿಲ್ಲಣ್ಣಾ. ಇಷ್ಟು ವರ್ಷ ನಿನ್ನ ಜೋಡಿ ಮಾತಾಡಲಿಲ್ಲಲ್ಲ, ನನಗ ಕಡಿಮಿ ಆಗಿದ್ದು ಅದು."

ಕನಕರಾಜ ಉಳಿ ಕೆಳಗಿಟ್ಟ. ಅಂಗಿಯ ತೋಳು ಮಡಚಿ, ಸೂಜಿ ಅಲ್ಲೇ ಇದೆಯೇನೋ ಎಂಬಂತೆ, ತೋಳನ್ನು ತಂಗಿಯ ಮುಂದೆ ಚಾಚಿದ. ನನಗೆ ಅಳು ತಡೆಯಲಿಲ್ಲ, ಪೇಟೆಯ ನಡುವೆ ಅತ್ತೆ.

ವರದಿ ಬಂತು. ಕಿವುಡು ಹುಟ್ಟಿನಿಂದಲೇ ಇತ್ತು, ತಂದೆತಾಯಿ ಇಬ್ಬರಿಂದಲೂ ಒಂದೊಂದು ಪಾಲು ಬಂದಿತ್ತು. ಒಂದೇ ಪಾಲಿದ್ದರೆ ಏನೂ ಆಗುವುದಿಲ್ಲ, ಎರಡು ಕೂಡಿದರೆ ಕಿವುಡು. ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ. ಲಕ್ಷ್ಮೀ ತಾಯಿಯನ್ನು ಕೂಡಿಸಿಕೊಂಡು ತಿಳಿಸಿದಳು. ಹಂಗಾರ ನಾ ತಡಾ ಮಾಡಿದ್ದಕ್ಕ ಅಲ್ಲಾ ಎಂದು ಸುಶೀಲವ್ವ ಮೂರು ಸಲ ಕೇಳಿದಳು. ಮೂರು ಸಲವೂ ಅಲ್ಲ ಎಂದ ಮೇಲೆ ಗೋಡೆಗೆ ಒರಗಿ, ಕೂತಲ್ಲೇ ಸಂಜೆಯವರೆಗೆ ಮಲಗಿಬಿಟ್ಟಳು. ಹಗಲು ಮಲಗಿದ ಹೆಂಗಸಲ್ಲ ಅದು.

ಲಕ್ಷ್ಮೀ, ಹಾಲೇಶ ಇಬ್ಬರ ರಕ್ತವನ್ನೂ ನೋಡಿಸಿದರು. ಇಬ್ಬರಲ್ಲೂ ಆ ಪಾಲು ಒಂದೊಂದಿತ್ತು. ಈಗ ಹನ್ನೆರಡರಲ್ಲಿ ಒಂದಲ್ಲ, ನಾಲ್ಕರಲ್ಲಿ ಒಂದು. ಸುಳ್ಳು ಯಾಕೆ ಹೇಳಲಿ, ನಾನು ಬ್ಯಾಡವ್ವಾ ಎಂದೆ. ಲಕ್ಷ್ಮೀ ಸಿಟ್ಟಾಗಲಿಲ್ಲ.

"ಸರ, ಮೂಲ ಚಲೋ ಐತಿ, ಲೆಕ್ಕಾನೂ ಬರೋಬ್ಬರಿ ಐತಿ. ಏನು ಮಾಡಬೇಕನ್ನೂದು ಮಾತ್ರ ಲೆಕ್ಕದಾಗ ಇರೂದಿಲ್ಲರಿ" ಎಂದಳು. ಮೂವತ್ತು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಹೆಂಡತಿ ಬಿಟ್ಟರೆ ಅವಳೊಬ್ಬಳೇ.

ಈ ವೈಶಾಖದಲ್ಲಿ ಮದುವೆಯಾಯಿತು. ಕೂಸಾದರೆ ಏನಾಗುತ್ತದೋ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ, ಅದರ ಜೊತೆ ಮಾತಾಡಲು ಆ ಮನೆತನದಲ್ಲಿ ಈಗ ಐದು ಜನರಿದ್ದಾರೆ. ಸುಶೀಲವ್ವನೂ ಮಲ್ಲೇಶಪ್ಪನೂ ಕಲಿಯುತ್ತಿದ್ದಾರೆ. ನಾನೂ ಕಲಿಯುತ್ತಿದ್ದೇನೆ, ಬೆರಳು ಬಗ್ಗುವುದಿಲ್ಲ, ಕನಕರಾಜ ನಗುತ್ತಾನೆ.

ಮದುವೆಗೆ ತಂದೆಯ ಹೆಸರಿನಲ್ಲಿ ಕೊಡ ಕೊರೆಯಲಿ ಎಂದು ಮನೆಯವರು ಪಾಟಿಯ ಮೇಲೆ ಬರೆದು ಕೊಟ್ಟಿದ್ದರು. ಈ ಸೀಮೆಯ ಮನೆಮನೆಯಲ್ಲಿ ಅವನ ಅಕ್ಷರವಿದೆ, ಅವನ ಹೆಸರು ಎಲ್ಲಿಯೂ ಇರಲಿಲ್ಲ. ಅವನು ಪಾಟಿ ಒರೆಸಿದ. ಎಡಗೈಯನ್ನು ಕೊಡಕ್ಕೆ ಹಚ್ಚಿ, ಯಂತ್ರ ಬಿಟ್ಟು ಮೋದಿನಸಾಬರ ಉಳಿ ಹಿಡಿದು, ಇಡೀ ಒಂದು ಮಧ್ಯಾಹ್ನ ಕೊರೆದ. 'ಅಣ್ಣ ಕನಕರಾಜ, ಜಕ್ಕಲಿ. ತಂಗಿ ಲಕ್ಷ್ಮೀಗೆ.' ಕೆಳಗೆ ತಾರೀಖು. ತಾರೀಖಿನ ಪಕ್ಕಕ್ಕೆ, ಕಡಲೆಕಾಳಿನಷ್ಟು ಸಣ್ಣದೊಂದು ಚೌಕ.

ನಾನು ಹ್ಯಾಗೂ ಸಾಕ್ಷಿ ಸರ್, ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ಒಳಗೆ ಏನೂ ತುಂಬಿರಲಿಲ್ಲ. ಆ ಕೊಡ ಈಗ ಗಜೇಂದ್ರಗಡದಲ್ಲಿದೆ, ದಿನಾ ಅದರಲ್ಲೇ ನೀರು ತರುತ್ತಾರೆ.